ಒಂದೂವರೆ ಬೆರಳು

ನನ್ನ ಮೊಮ್ಮಗಳು ಈಗ ತಾನೇ ಆಕಳಿಸಿದಳು. ಬರೆಯಬೇಕೆಂದು ಪೆನ್ನು ಹಿಡಿದವನು ಪೆನ್ನು ಕೆಳಗಿಟ್ಟು ನೋಡುತ್ತಾ ಕೂತೆ. ಎರಡು ತಿಂಗಳ ಕೂಸು, ಮುಖಕ್ಕಿಂತ ಬಾಯನ್ನೇ ದೊಡ್ಡದು ಮಾಡಿಕೊಂಡು, ಗುಲಾಬಿ ವಸಡು, ಒಳಗಿನ ಕಿರುನಾಲಿಗೆ ಎಲ್ಲ ಕಾಣುವ ಹಾಗೆ ಆಕಳಿಸಿತು. ನನ್ನ ಕಣ್ಣಲ್ಲಿ ನೀರು ಬಂತು.

'ಕೂಸಿನ ಬಾಯಾಗೆ ಅದೇನು ಹಂಗೆ ನೋಡ್ತೀರಿ? ದೃಷ್ಟಿ ಆಗ್ತೈತಿ' ಎಂದು ನನ್ನ ಹೆಂಡತಿ ಬೈದಳು. ಅವಳು ಉಡುತಡಿಯವಳು, ಬೈಯುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಬೈದರೂ ಅವಳೂ ಬಂದು ನೋಡಿದಳು. ಇಬ್ಬರೂ ಮುದುಕರು ತೊಟ್ಟಿಲಿಗೆ ಬಗ್ಗಿ ಇನ್ನೊಂದು ಆಕಳಿಕೆಗೆ ಕಾದೆವು.

ಈ ಸಂತೋಷ ಎಲ್ಲಿಂದ ಬಂತು ಎಂದು ಬರೆಯಬೇಕಾದರೆ ಆ ದಿನದ ಭಯವನ್ನೇ ಬರೆಯಬೇಕು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅರಿವಳಿಕೆ ಕೊಡುವ ಡಾಕ್ಟರಮ್ಮ ಒಬ್ಬರ ಕಾರು ಓಡಿಸುತ್ತೇನೆ. ನಾನು ಅವರನ್ನು ಮೇಡಂ ಎನ್ನುತ್ತೇನೆ, ಅವರು ನನ್ನನ್ನು ಯಜಮಾನ್ರೇ ಎನ್ನುತ್ತಾರೆ. ಅವರಿಗೆ ಸ್ವಂತ ಆಸ್ಪತ್ರೆ ಇಲ್ಲ. ಶಿಕಾರಿಪುರದಿಂದ ಸೊರಬದವರೆಗೆ ಯಾವ ನರ್ಸಿಂಗ್ ಹೋಂನಲ್ಲಿ ಆಪರೇಷನ್ ಇದೆಯೋ ಅಲ್ಲಿಂದ ಫೋನು ಬರುತ್ತದೆ, ನಾವು ಹೋಗುತ್ತೇವೆ. ಸಾಮಾನೆಲ್ಲ ಮೇಡಂದೇ, ಒಂದು ದೊಡ್ಡ ಕೆಂಪು ಬ್ಯಾಗಿನಲ್ಲಿ. ಮೊದಮೊದಲು ಬ್ಯಾಗನ್ನು ಥಿಯೇಟರಿನ ಬಾಗಿಲವರೆಗೆ ಹೊತ್ತು ನಿಲ್ಲುತ್ತಿದ್ದೆ. ಆಮೇಲಾಮೇಲೆ ಹಸಿರು ಅಂಗಿ ಹಾಕಿಸಿ ಒಳಗೇ ಕರೆದುಕೊಂಡರು. ಯಾವ ಸಾಮಾನು ಎಲ್ಲಿದೆ ಎಂದು ಹೊಸ ಸಿಸ್ಟರ್‌ಗಳಿಗೆ ತಿಳಿಯುವುದಿಲ್ಲ, ನನಗೆ ಕಣ್ಣು ಮುಚ್ಚಿದರೂ ತಿಳಿಯುತ್ತದೆ.

ಪೂರ್ತಿ ಮಲಗಿಸುವ ಇಂಜೆಕ್ಷನ್ ಕೊಟ್ಟರೆ ಮನುಷ್ಯ ಉಸಿರಾಡುವುದನ್ನೂ ಮರೆಯುತ್ತಾನೆ. ಆಗ ಮೇಡಂ ಲೈಟಿರುವ ಸ್ಕೋಪನ್ನು ಬಾಯೊಳಗೆ ಇಳಿಸಿ, ನಾಲಿಗೆ ಸರಿಸಿ, ಉಸಿರಿನ ಕೊಳವೆಯೊಳಗೆ ಟ್ಯೂಬು ಹಾಕುತ್ತಾರೆ. ಅದಕ್ಕೆ ಸಿಗುವ ಸಮಯ ಕೆಲವೇ ನಿಮಿಷ. ಟ್ಯೂಬು ಹೋಗದಿದ್ದರೆ, ಮಾಸ್ಕಿನಿಂದಲೂ ಗಾಳಿ ಹೋಗದಿದ್ದರೆ, ಮಲಗಿದವರು ಏಳುವುದಿಲ್ಲ. ಅದಕ್ಕೇ ಮಲಗಿಸುವ ಮುಂಚೆ ಮೇಡಂ ಪ್ರತಿಯೊಬ್ಬರಿಗೂ ಬಾಯಿ ತೆಗೆಯಲು ಹೇಳಿ, ಅವರದೇ ಮೂರು ಬೆರಳನ್ನು ನಿಲ್ಲಿಸಿ ಹಲ್ಲುಗಳ ನಡುವೆ ಇಡಿಸುತ್ತಾರೆ. ಮೂರು ಬೆರಳು ಹಿಡಿದರೆ ಸರಿ. ಎರಡೇ ಆದರೆ ಮೇಡಂ ಮಾತು ಕಡಿಮೆ ಮಾಡುತ್ತಾರೆ.

ಟ್ಯೂಬಿನ ಕವರಿನ ಮೇಲಿನ ಸಣ್ಣ ಅಕ್ಷರ ನನಗೆ ಕಾಣುವುದಿಲ್ಲ. ಹಾಗಾಗಿ ಕವರಿಗೆ ದಾರ ಸುತ್ತಿಡುತ್ತೇನೆ. ಏಳು ನಂಬರಿಗೆ ಕೆಂಪು, ಆರೂವರೆಗೆ ಹಸಿರು, ಆರಕ್ಕೆ ಹಳದಿ. ಮೊದಲು ನೋಡಿದಾಗ ಮೇಡಂ ನಕ್ಕಿದ್ದರು. ಈಗ ಅವರೂ 'ಹಸಿರು ಕೊಡಿ ಯಜಮಾನ್ರೇ' ಎಂದೇ ಕೇಳುತ್ತಾರೆ. ಬ್ಯಾಗಿನ ತಳದಲ್ಲಿ ಒಂದು ನೀಲಿ ಗಂಟು ಇದೆ. ಅದರ ಅವಧಿ ಮುಗಿಯುವ ಮೊದಲು ಮೇಡಂ ಹೊಸದು ಇಡುತ್ತಾರೆ. ಎಲ್ಲ ದಾರಿ ಮುಚ್ಚಿದರೆ ಕುತ್ತಿಗೆಯ ಮುಂಭಾಗಕ್ಕೆ ತೂತು ಮಾಡಿ ಉಸಿರು ಕೊಡುವ ಸಾಮಾನು ಅದರೊಳಗಿದೆ. ಒಂಬತ್ತು ವರ್ಷ ಆ ಗಂಟನ್ನು ಹೊತ್ತಿದ್ದೇನೆ, ಬಿಚ್ಚಿದ್ದು ನೋಡಿರಲಿಲ್ಲ.

ಆ ದಿನ ಬೆಳಿಗ್ಗೆ ನಾವು ಸೊರಬದಲ್ಲಿದ್ದೆವು. ಅಪೆಂಡಿಕ್ಸ್ ಆಪರೇಷನ್. ರೋಗಿ ಬಸ್ ಕಂಡಕ್ಟರು, ಹೊಟ್ಟೆನೋವಿನಲ್ಲೂ ಸುಮ್ಮನಿರದ ಮನುಷ್ಯ.

'ಬಾಯಿ ತೆಗೀರಿ' ಎಂದರು ಮೇಡಂ.

'ನೋಡ್ರೀ ಮೇಡಂ, ಮನೇಲಿ ಹೆಂಡ್ತಿ ಬಾಯಿ ಮುಚ್ರಿ ಅಂತಾಳೆ. ತೆಗೀರಿ ಅಂದೋರು ನೀವೇ ಮೊದಲು' ಎಂದು ಬಾಯಿ ಅಗಲಿಸಿದ. ಮೂರು ಬೆರಳಲ್ಲ, ನಾಲ್ಕು ಹೋಗುವಂತಿತ್ತು.

ಆಪರೇಷನ್ ಚೆನ್ನಾಗಿ ಮುಗಿಯಿತು. ಸ್ಕೋಪು ತೊಳೆದು ಒರೆಸುತ್ತಿದ್ದಾಗ ಹೆಂಡತಿಯ ಫೋನು ಬಂತು.

'ಏನ್ರೀ, ಇವಳಿಗೆ ರಾತ್ರಿಯಿಂದ ತಲೆನೋವು ಇತ್ತಲ್ಲ, ಈಗ ಕಣ್ಣು ಮಂಜು ಅಂತಿದಾಳೆ. ಮುಖ ಎಲ್ಲ ಬಾತೈತಿ. ಆಟೋದಾಗೆ ಆಸ್ಪತ್ರೆಗೆ ಕರ್ಕೊಂಡು ಬಂದೀನಿ.'

ಇವಳು ಎಂದರೆ ನಮ್ಮ ಒಬ್ಬಳೇ ಮಗಳು. ಸೊರಬದ ಕಡೆಯ ಹಳ್ಳಿಗೆ ಕೊಟ್ಟಿದ್ದೇವೆ. ಮೊದಲ ಹೆರಿಗೆಗೆ ತವರಿಗೆ ಬಂದು ಒಂದು ತಿಂಗಳಾಗಿತ್ತು. ದಿನ ತುಂಬಲು ಇನ್ನೂ ಮೂರು ವಾರ ಇತ್ತು.

ನಾನು ಫೋನು ಇಡುವಷ್ಟರಲ್ಲಿ ಮೇಡಂ ಫೋನೂ ಬಡಿದುಕೊಂಡಿತು. ಶಿಕಾರಿಪುರದ ನರ್ಸಿಂಗ್ ಹೋಂನ ಹೆರಿಗೆ ಡಾಕ್ಟರು. ಮೇಡಂ ಕೇಳುತ್ತಾ ಕೇಳುತ್ತಾ ನನ್ನ ಕಡೆ ತಿರುಗಿದರು. ಫೋನಿಟ್ಟು, 'ಬ್ಯಾಗ್ ಕಟ್ಟಿ ಯಜಮಾನ್ರೇ, ನಿಮ್ಮ ಮಗಳೇ' ಎಂದರು.

ಕಾರಿನಲ್ಲಿ ವಿಷಯ ಹೇಳಿದರು. ಬಿಪಿ ವಿಪರೀತ ಏರಿದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಬಹಳ ಕಡಿಮೆಯಾಗಿದೆ. ಕೂಸಿನ ಎದೆಬಡಿತ ಆಗಾಗ ಇಳಿಯುತ್ತಿದೆ. ಶಿವಮೊಗ್ಗಕ್ಕೆ ಕಳಿಸಿದರೆ ದಾರಿಯಲ್ಲೇ ಏನಾದರೂ ಆದೀತು ಎಂದು ಹೆರಿಗೆ ಡಾಕ್ಟರು ಇಲ್ಲೇ ಕುಯ್ದು ತೆಗೆಯುವ ತೀರ್ಮಾನ ಮಾಡಿದ್ದಾರೆ. ರಕ್ತ ತರಲು ಅಳಿಯ ಶಿವಮೊಗ್ಗಕ್ಕೆ ಹೊರಟಿದ್ದಾನೆ. ಸಿಸೇರಿಯನ್‌ಗೆ ಸಾಮಾನ್ಯವಾಗಿ ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಬೆನ್ನುಹುರಿಯ ಹತ್ತಿರ ರಕ್ತ ಕಟ್ಟಿಕೊಂಡು ಕಾಲೇ ಹೋಗಬಹುದು. ಹಾಗಾಗಿ ಪೂರ್ತಿ ಮಲಗಿಸಲೇಬೇಕು.

ಕಾರು ಶಿರಾಳಕೊಪ್ಪದ ಕಡೆ ಓಡುತ್ತಿತ್ತು. ಮೇಡಂ ಪಕ್ಕದ ಸೀಟಿನಲ್ಲಿ ಕೂತು ಒಂದೊಂದೇ ಕೇಳಿದರು.

'ಮುಂಚೆ ಯಾವುದಾದರೂ ಆಪರೇಷನ್ ಆಗಿದೆಯಾ?'

'ಇಲ್ರೀ.'

'ಉಬ್ಬಸ, ಫಿಟ್ಸು?'

'ಏನೂ ಇಲ್ರೀ.'

'ಅಲ್ಲಾಡೋ ಹಲ್ಲು?'

'ಹಲ್ಲು ಕಲ್ಲಿನಂಗೆ ಅದಾವ್ರಿ.'

'ಬಾಯಿ ಚೆನ್ನಾಗಿ ತೆಗೀತಾಳಾ?'

'ತೆಗೀದೆ ಏನ್ರೀ ಮೇಡಂ.'

'ಗುಟ್ಕಾ, ತಂಬಾಕು, ಏನಾದರೂ ಚಟ?'

'ಅಯ್ಯೋ, ನನ್ನ ಮಗಳಿಗೆ ಯಾವ ಚಟಾನೂ ಇಲ್ರೀ' ಎಂದೆ. ಸ್ವಲ್ಪ ಸಿಟ್ಟೂ ಬಂದಿತ್ತು.

ನಾನು ಸುಳ್ಳು ಹೇಳಲಿಲ್ಲ. ಹೇಳುವಾಗ ಅದು ನಿಜವೆಂದೇ ನಂಬಿದ್ದೆ. ಬಳ್ಳಿಗಾವಿ ಕ್ರಾಸ್ ದಾಟಿದ್ದು ನೆನಪಿದೆ, ಆಮೇಲಿನ ರಸ್ತೆ ನೆನಪಿಲ್ಲ.

ನರ್ಸಿಂಗ್ ಹೋಂ ತಲುಪಿದಾಗ ಹನ್ನೆರಡು ಗಂಟೆ ಆಗಿರಬೇಕು. ಸುದ್ದಿ ತಿಳಿದು ನಮಗಿಂತ ಮುಂಚೆಯೇ ಓಡಿಬಂದಿದ್ದ ಬೀಗತಿ, ಅಂದರೆ ಮಗಳ ಅತ್ತೆ, ಬಾಗಿಲಲ್ಲಿ ಹಣೆ ಚಚ್ಚಿಕೊಳ್ಳುತ್ತಾ ನಿಂತಿದ್ದರು. 'ಮಾತು ಅಂಬೋದು ಆಡದಂಥಾ ಹುಡುಗಿ ಮಾರಾಯ್ರೇ, ನೋವು ಅಂತನೂ ಬಾಯಿ ಬಿಟ್ಟು ಹೇಳ್ಲಿಲ್ಲ' ಎಂದು ಅತ್ತರು. ಅವರ ಊರಲ್ಲಿ ನನ್ನ ಮಗಳಿಗೆ ಅದೇ ಹೆಸರು. ತಗ್ಗಿದ ದನಿ, ಬಾಯಿ ಮಾಡದ ಸೊಸೆ. ಬೀಗರ ಮನೆಗೆ ಹೋದಾಗಲೆಲ್ಲ ಆ ಹೊಗಳಿಕೆ ಕೇಳಿ ನಾನು ಉಬ್ಬಿ ಬರುತ್ತಿದ್ದೆ.

ಸಂಬಂಧಿಕರು ಥಿಯೇಟರಿನೊಳಗೆ ಇರಬಾರದು. ಆದರೆ ಆ ದಿನ ಅಲ್ಲಿದ್ದದ್ದು ಒಬ್ಬರೇ ಸಿಸ್ಟರ್, ಅವರು ಹೆರಿಗೆ ಡಾಕ್ಟರ ಜೊತೆ ನಿಲ್ಲಬೇಕು. ಮೇಡಂ ಒಂದು ಕ್ಷಣ ಯೋಚಿಸಿ, 'ಬ್ಯಾಗ್ ತಗೊಂಡು ಬನ್ನಿ' ಎಂದರು.

ಮಗಳು ಟೇಬಲ್ ಮೇಲೆ ಮಲಗಿದ್ದಳು. ಮುಖ ಬಾತು ಕಣ್ಣು ಸಣ್ಣವಾಗಿದ್ದವು. ಕೂಸಿನ ಬಡಿತದ ಮಷೀನು ಟಕಟಕ ಓಡುತ್ತಿದ್ದದ್ದು ನಡುವೆ ನಿಧಾನವಾಗುತ್ತಿತ್ತು, ಮತ್ತೆ ಓಡುತ್ತಿತ್ತು. ನಾನು ಟ್ರೇ ಜೋಡಿಸಿದೆ. ಕೈ ತಾನಾಗಿಯೇ ಕೆಲಸ ಮಾಡಿತು.

ಮೇಡಂ ಬಗ್ಗಿ, 'ಬಾಯಿ ತೆಗಿಯಮ್ಮ' ಎಂದರು.

ಮಗಳು ನನ್ನನ್ನು ನೋಡಿದಳು. ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು ಸ್ವಲ್ಪವೇ ತುಟಿ ಬಿಡಿಸಿದಳು.

'ಅಪ್ಪನ ಮುಂದೆ ಬಾಯಿ ತೆಗೆಯೋಕೆ ನಾಚಿಕೆ ಮೇಡಂ' ಎಂದರು ಸಿಸ್ಟರ್. ನಮ್ಮ ಕಡೆ ಹೆಣ್ಣುಮಕ್ಕಳು ಹಿರಿಯರ ಮುಂದೆ ಆಕಳಿಸುವಾಗಲೂ ಸೆರಗು ಅಡ್ಡ ಹಿಡಿಯುತ್ತಾರೆ. ಮೇಡಂಗೂ ಅದು ಗೊತ್ತು.

ಅಷ್ಟರಲ್ಲಿ ಬಡಿತ ಮತ್ತೆ ಇಳಿಯಿತು. ಹೆರಿಗೆ ಡಾಕ್ಟರು, 'ಬೇಗ ಮೇಡಂ' ಎಂದರು. ಮೇಡಂ ಆಕ್ಸಿಜನ್ ಮಾಸ್ಕು ಹಿಡಿದರು. ಹಾಲಿನ ಬಣ್ಣದ ಔಷಧಿಯ ಸಿರಿಂಜನ್ನು ಕೈಯ ಸೂಜಿಗೆ ಜೋಡಿಸಿದರು. ಹೊಟ್ಟೆಯ ಹುಳಿ ಗಂಟಲಿಗೆ ಬಂದರೂ ಉಸಿರಿನ ಚೀಲ ಸುಡದಿರಲೆಂದು ಮಲಗಿಸುವ ಮುಂಚೆ ಒಂದು ಔಷಧಿ ಕುಡಿಸುವ ಕ್ರಮ ಇದೆ. ಕುಡಿಯುವ ಲೋಟ ಸಿಗದೆ ಸಿಸ್ಟರ್ ಅದನ್ನು ದೊಡ್ಡ ಚಮಚದಲ್ಲಿ ಕುಡಿಸಲು ಹೋದರು.

ಚಮಚ ಹಲ್ಲಿಗೆ ಬಡಿದು ಟಕ್ ಎಂದಿತು. ಔಷಧಿ ಕಟಬಾಯಿಯಿಂದ ಇಳಿದು ಕಿವಿಯವರೆಗೆ ಹರಿಯಿತು.

ಆ ಸದ್ದು ನನಗೆ ಗೊತ್ತಿತ್ತು. ಒಂದು ತಿಂಗಳಿಂದ ಮನೆಯಲ್ಲಿ ಕೇಳಿದ ಸದ್ದು ಅದು. ಪಾಯಸ ಮಾಡಿದ ದಿನ ದೊಡ್ಡ ಚಮಚ ಬಿಟ್ಟು ಕೂಸಿಗೆಂದು ತಂದಿಟ್ಟಿದ್ದ ಪುಟ್ಟ ಚಮಚದಲ್ಲಿ ತಿಂದಿದ್ದಳು. ರೊಟ್ಟಿಯನ್ನು ಉಗುರಿನಷ್ಟು ಚೂರು ಮಾಡಿ ತುಟಿಯ ಸಂದಿಯಲ್ಲಿ ತೂರಿಸುತ್ತಿದ್ದಳು. ಹೆಂಡತಿ ಖಾರ ಹಾಕಿದರೆ ಬಾಯಿ ಉರಿಯುತ್ತದೆ ಎಂದು ತಟ್ಟೆ ತಳ್ಳುತ್ತಿದ್ದಳು. ಬಸುರಿಯ ಬಯಕೆ, ಬಸುರಿಯ ಒಲ್ಲೆ ಎಂದುಕೊಂಡಿದ್ದೆವು.

ಮತ್ತೆ ಅಡಿಕೆ. ಮದುವೆಯಾದ ವರ್ಷದಿಂದ ಸುಗ್ಗಿಯಲ್ಲಿ ಅತ್ತೆಮನೆಯ ಹೆಂಗಸರ ಸಾಲಿನಲ್ಲಿ ಕೂತು ಅಡಿಕೆ ಸುಲಿಯುತ್ತಾಳೆ. ಸುಲಿಯುವವರ ದವಡೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದು ಹೋಳು ಇದ್ದೇ ಇರುತ್ತದೆ. ಬಸುರಿನ ವಾಂತಿಗೆ ಒಳ್ಳೆಯದೆಂದು ತವರಿಗೆ ಬಂದ ಮೇಲೂ ಬಿಡಲಿಲ್ಲ. ಸಿಹಿ ಅಡಿಕೆಯ ಪೊಟ್ಟಣವನ್ನು ದಿನಾ ಸಂಜೆ ತಂದುಕೊಡುತ್ತಿದ್ದವನು ನಾನೇ. ಅಡಿಕೆಯಿಂದ ದವಡೆ ಬಿಗಿದುಕೊಂಡ ಎಷ್ಟೋ ಗಂಡಸರನ್ನು ಇದೇ ಟ್ರೇಯ ಪಕ್ಕ ನಿಂತು ನೋಡಿದ್ದೇನೆ. ಅವರೆಲ್ಲ ಗುಟ್ಕಾದವರು. ನಮ್ಮ ತಾಲ್ಲೂಕುಗಳಲ್ಲಿ ಬರೀ ಅಡಿಕೆಯನ್ನು ಯಾರೂ ಚಟ ಎನ್ನುವುದಿಲ್ಲ. ಊಟದ ಮೇಲೆ ನೀರು ಕುಡಿದಂತೆ ಅದು. ಮೇಡಂ ಕೇಳಿದಾಗ ನನ್ನ ತಲೆಗೆ ಅದು ಬರಲೇ ಇಲ್ಲ.

ಮೇಡಂ ಹೆಬ್ಬೆರಳು ಸಿರಿಂಜಿನ ಮೇಲಿತ್ತು.

'ಮೇಡಂ, ನಿಲ್ಸ್ರಿ!' ಎಂದೆ. ಕೂಗಿದೆ ಅನ್ನಿಸುತ್ತದೆ.

ಹೆಬ್ಬೆರಳು ನಿಂತಿತು. ನಾನು ಮಗಳ ಕೈ ಹಿಡಿದು, 'ಮಗಳೇ, ನನ್ನ ಮುಂದೆ ಮರ್ಯಾದಿ ಬ್ಯಾಡ. ಎಷ್ಟು ಆಗ್ತೈತೋ ಅಷ್ಟೂ ಬಾಯಿ ತೆಗಿ' ಎಂದು ಅವಳದೇ ಬೆರಳನ್ನು ಹಲ್ಲಿನ ನಡುವೆ ಇಡಿಸಿದೆ. ಒಂದು ಬೆರಳು ಹೋಯಿತು. ಎರಡನೆಯದು ಅರ್ಧಕ್ಕೆ ನಿಂತಿತು. ಕಣ್ಣಲ್ಲಿ ನೀರು ಬರುವಷ್ಟು ಅಗಲಿಸಿದರೂ ಒಂದೂವರೆ ಬೆರಳು, ಅಷ್ಟೇ.

ಮೇಡಂ ಟಾರ್ಚು ಬಿಟ್ಟು ನೋಡಿದರು. ಕೆನ್ನೆಯ ಒಳಭಾಗ ಬಿಳಿಚಿಕೊಂಡು ಹಗ್ಗದ ಎಳೆ ಎಳೆದಂತೆ ಬಿಗಿದಿತ್ತು. ಸಿರಿಂಜನ್ನು ಬಿಚ್ಚಿ ಟ್ರೇಯ ಮೇಲಿಟ್ಟರು.

'ಕಾರಲ್ಲಿ ಕೇಳಿದೆ ಅಲ್ವಾ ಯಜಮಾನ್ರೇ?'

'ಕೇಳಿದ್ರಿ. ಅಡಿಕೆನೂ ಲೆಕ್ಕಕ್ಕೆ ಬರ್ತೈತಿ ಅಂತ ತಿಳೀಲಿಲ್ಲ ಮೇಡಂ. ತಂದು ಕೊಟ್ಟೋನೂ ನಾನೇ.'

'ನಾನೂ ಬೆರಳಿಟ್ಟು ನೋಡದೆ ಔಷಧಿ ಜೋಡಿಸಿದೆ' ಎಂದರು. ಮೇಡಂ ಮುಖ ಬೆಳ್ಳಗಾದದ್ದನ್ನು ಒಂಬತ್ತು ವರ್ಷದಲ್ಲಿ ಅಂದೇ ನೋಡಿದ್ದು.

ಹೆರಿಗೆ ಡಾಕ್ಟರು ಚಾಕುವಿನ ಪಕ್ಕ ಕೈ ಕಟ್ಟಿ ನಿಂತಿದ್ದರು. 'ಮಲಗಿಸಿದ ಮೇಲೆ ದವಡೆ ಸಡಿಲ ಆಗಲ್ವಾ?' ಎಂದು ಕೇಳಿದರು.

'ನೋವಿಗೆ ಬಿಗಿದ ದವಡೆ ಸಡಿಲ ಆಗ್ತದೆ. ಇದು ನಾರಾಗಿಬಿಟ್ಟಿದೆ, ಔಷಧಿಗೆ ಬಗ್ಗಲ್ಲ. ಗಂಟಲೂ ಬಾತಿದೆ. ಮಲಗಿಸಿ ಟ್ಯೂಬ್ ಹೋಗಲಿಲ್ಲ ಅಂದ್ರೆ ಇಬ್ಬರೂ ಹೋಗ್ತಾರೆ. ಎಚ್ಚರ ಇರುವಾಗಲೇ ಹಾಕ್ತೀನಿ.'

'ಎಚ್ಚರದಲ್ಲೇ? ಎಷ್ಟು ಹೊತ್ತು?'

'ಹದಿನೈದು ನಿಮಿಷ.'

'ಕೂಸಿಗೆ ಅಷ್ಟು ಹೊತ್ತು ಇದೆಯೋ ಇಲ್ಲವೋ ಮೇಡಂ.'

'ಗೊತ್ತಿಲ್ಲ. ತಾಯಿ ಉಸಿರಾಡ್ತಾ ಇದ್ದರೆ ಕೂಸಿಗೂ ಉಸಿರಿರ್ತದೆ.'

ಆಮೇಲೆ ನನ್ನ ಕಡೆ ತಿರುಗಿದರು. 'ಹೊರಗೆ ಹೋಗ್ತೀರಾ? ಇರ್ತೀರಾ? ಇದ್ದರೆ ಈಗ ನೀವು ಅಪ್ಪ ಅಲ್ಲ.'

'ಇರ್ತೀನ್ರಿ.'

'ನೀಲಿ ಗಂಟು ಬಿಚ್ಚಿ.'

ಬಿಚ್ಚಿದೆ. ಒಳಗೆ ಸಣ್ಣ ಚಾಕು, ಒಂದು ಕಡ್ಡಿಯಂಥದ್ದು, ಕಿರಿದಾದ ಟ್ಯೂಬು. ಒಂಬತ್ತು ವರ್ಷ ಹೊತ್ತ ಭಾರ ಇಷ್ಟೇನಾ ಅನ್ನಿಸಿತು. ಮೇಡಂ ಮಗಳ ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿ, ಜೇಬಿನಿಂದ ಪೆನ್ನು ತೆಗೆದು ಗಂಟಲಗಂಟಿನ ಕೆಳಗೆ ಒಂದು ನೀಲಿ ಗೆರೆ ಎಳೆದರು. ಬೇಕಾದರೆ ಕುಯ್ಯುವ ಜಾಗ. ಕರಿಮಣಿ ಸರ ತೆಗೆದಿಟ್ಟಿದ್ದರಿಂದ ಕುತ್ತಿಗೆ ಬೋಳಾಗಿತ್ತು. ನಾನು ಆ ಗೆರೆಯಿಂದ ಕಣ್ಣು ಕಿತ್ತು ಟ್ರೇ ನೋಡಿದೆ.

ಮೂಗಿನಿಂದ ಟ್ಯೂಬು ಇಳಿಸುವ ದಾರಿಯೂ ಒಂದಿದೆ. ಬಾಯಿ ತೆಗೆಯದವರಿಗೆ ಮೇಡಂ ಹಾಗೆ ಮಾಡಿದ್ದನ್ನು ನೋಡಿದ್ದೇನೆ. ಆದರೆ ಪ್ಲೇಟ್‌ಲೆಟ್ ಇಲ್ಲದ ಬಸುರಿಯ ಮೂಗು ಮುಟ್ಟಿದರೆ ರಕ್ತ ಗಂಟಲಿಗೆ ಸುರಿಯುತ್ತದೆ. ಉಳಿದದ್ದು ಆ ಒಂದೂವರೆ ಬೆರಳಿನ ಸಂದಿ. ಬ್ಯಾಗಿನಲ್ಲಿ ಪರದೆಯಿರುವ ಸ್ಕೋಪು ಇತ್ತು. ಅದರ ಅಲಗು ತೆಳ್ಳಗೆ, ತುದಿಯಲ್ಲಿ ಕ್ಯಾಮೆರಾ. ಬೆಳಿಗ್ಗೆ ಗಡಿಬಿಡಿಯಲ್ಲಿ ಕಟ್ಟುವಾಗ ಅದನ್ನು ಇಟ್ಟೆನೋ ಇಲ್ಲವೋ ಎಂಬುದೇ ಮರೆತಿತ್ತು. ಕೈ ಹಾಕಿದೆ. ಇತ್ತು. ಪರದೆ ಹೊತ್ತಿಕೊಂಡಾಗ ಮೂಲೆಯಲ್ಲಿ ಬ್ಯಾಟರಿಯ ಗುರುತು ಕೆಂಪಾಗಿತ್ತು. ಸೊರಬದಲ್ಲಿ ಚಾರ್ಜಿಗೆ ಹಾಕಬೇಕಾದ ಹೊತ್ತಿಗೆ ಫೋನು ಬಂದಿತ್ತು.

'ಎಷ್ಟು ಹೊತ್ತು ಬರ್ತದೆ?' ಎಂದು ಕೇಳಿದರು ಮೇಡಂ.

'ಕಾಲು ಗಂಟೆ ಬರ್ತೈತ್ರಿ, ಅದರ ಮ್ಯಾಲೆ ಹೇಳಾಕಾಗಲ್ಲ.'

'ಆರಿಸಿಡಿ. ನಾನು ಹೇಳಿದಾಗ ಹಾಕಿ.'

ಟೇಬಲಿನ ತಲೆಯ ಕಡೆ ಎತ್ತಿ ಮಗಳನ್ನು ಕೂತಂತೆ ಮಾಡಿದೆವು. ಮೂಗಿಗೆ ಸಣ್ಣ ಕೊಳವೆಯಿಂದ ಆಕ್ಸಿಜನ್. ಉಬ್ಬಸದವರಿಗೆ ಹೊಗೆ ಕೊಡುವ ಮಷೀನಿಗೆ ಮರಗಟ್ಟಿಸುವ ಔಷಧಿ ಹಾಕಿ ಉಸಿರಿನಲ್ಲಿ ಎಳೆಸಿದರು. ನಾಲಿಗೆಗೆ, ಗಂಟಲಿಗೆ ಅದೇ ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಹೊಡೆದರು. ಇದಕ್ಕೆ ಅವಸರ ಮಾಡುವ ಹಾಗಿಲ್ಲ, ಹೆಚ್ಚೂ ಮಾಡುವ ಹಾಗಿಲ್ಲ. ಹೆರಿಗೆ ಡಾಕ್ಟರು ಬಡಿತ ಎಣಿಸಿ ಎಣಿಸಿ ಹೇಳುತ್ತಿದ್ದರು.

ಮೇಡಂ ಮಗಳ ಕಿವಿಯ ಹತ್ತಿರ ಬಗ್ಗಿ, 'ನೋಡಮ್ಮ, ನಿನ್ನ ಉಸಿರು ನಿನ್ನ ಕೈಯಲ್ಲೇ ಬಿಡ್ತೀನಿ. ನಾನು ಕಸ್ಕೊಳ್ಳಲ್ಲ. ಟ್ಯೂಬ್ ಹೋಗುವಾಗ ಕೆಮ್ಮು ಬರ್ತದೆ, ಕೆಮ್ಮು. ಆದರೆ ಕೈಯಿಂದ ಕಿತ್ತುಹಾಕಬೇಡ' ಎಂದರು.

ಮಗಳು, 'ಕೂಸು?' ಎಂದಳು. ಮರಗಟ್ಟಿದ ನಾಲಿಗೆಯಿಂದ ಮಾತು ತೊದಲಿತು.

'ಅದಕ್ಕೇ ಇಷ್ಟೆಲ್ಲ.'

ಮೊದಲ ಸಲ ಅಲಗನ್ನು ಓರೆ ಮಾಡಿ ಕಟಬಾಯಿಯಿಂದ ತೂರಿಸಿದರು. ಒಳಗೆ ಹೋಯಿತು, ನಾಲಿಗೆಯ ಬುಡ ದಾಟುವಷ್ಟರಲ್ಲಿ ಮಗಳಿಗೆ ಓಕರಿಕೆ ಬಂತು. ಹಳದಿ ನೀರು ಕಕ್ಕಿದಳು. ನಾನು ಸಕ್ಷನ್ ಕೊಳವೆ ತೂರಿಸಿ ಅದನ್ನು ಹೀರಿಸಿದೆ. ಮೇಡಂ ಅಲಗು ಹೊರತೆಗೆದರು. ಪರದೆಯಲ್ಲಿ ಏನೂ ಕಂಡಿರಲಿಲ್ಲ, ಬರೀ ನೊರೆ. ಕೂಸಿನ ಬಡಿತದ ಮಷೀನು ಟಕ್, ಟಕ್, ಟಕ್ ಎಂದು ಎಣಿಸುವಷ್ಟು ನಿಧಾನವಾಯಿತು.

'ಎಂಬತ್ತು ಮೇಡಂ!' ಎಂದರು ಹೆರಿಗೆ ಡಾಕ್ಟರು. 'ನಾನು ಇನ್ನು ಕಾಯಲ್ಲ. ಮಲಗಿಸಿಬಿಡಿ. ಆದದ್ದಾಗಲಿ.'

ಥಿಯೇಟರಿನಲ್ಲಿ ಎಲ್ಲರೂ ಮೇಡಂ ಮುಖ ನೋಡಿದರು. ಹಾಲಿನ ಬಣ್ಣದ ಸಿರಿಂಜು ನನ್ನ ಟ್ರೇಯಲ್ಲೇ ಇತ್ತು. ಕೊಡಿ ಎಂದಿದ್ದರೆ ಕೊಡುತ್ತಿದ್ದೆ. ಕೂಸಿನ ಬಡಿತ ಕೇಳುತ್ತಾ, ಕೊಡಿ ಎನ್ನಲಿ ಎಂದು ಒಂದು ಕ್ಷಣ ನನ್ನ ಮನಸ್ಸೂ ಬೇಡಿಕೊಂಡಿತು. ಅದನ್ನು ಮುಚ್ಚಿಡುವುದಿಲ್ಲ.

'ಎಡಕ್ಕೆ ಹೊರಳಿಸಿ' ಎಂದರು ಮೇಡಂ. 'ಆಕ್ಸಿಜನ್ ಜಾಸ್ತಿ ಮಾಡಿ. ಮಲಗಿಸಲ್ಲ. ಇನ್ನೊಂದು ಸಲ ನೋಡ್ತೀನಿ. ಈ ಸಲವೂ ಆಗದಿದ್ದರೆ ಕುತ್ತಿಗೆಗೇ ಮರಗಟ್ಟಿಸಿ ಎಚ್ಚರದಲ್ಲೇ ತೂತು ಮಾಡ್ತೀನಿ. ಆಮೇಲೆ ನೀವು ಕುಯ್ಯಿರಿ.'

ಎಡಕ್ಕೆ ಹೊರಳಿಸಿದೆವು. ಎಂಬತ್ತು, ಎಂಬತ್ತೈದು, ನೂರು, ನೂರಿಪ್ಪತ್ತು. ಬಡಿತ ಮೇಲೆದ್ದಿತು. ಹೆರಿಗೆ ಡಾಕ್ಟರು ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡರು.

ಮತ್ತೆ ಎರಡು ಸಲ ಔಷಧಿ ಹೊಡೆದು, ಕಾದು, ಮೇಡಂ ಕೈ ಚಾಚಿದರು. 'ಹಳದಿ.'

ಹಳದಿ ದಾರದ ಕವರು ಹರಿದು ಆರು ನಂಬರಿನ ಟ್ಯೂಬು ಕೊಟ್ಟೆ. ಪರದೆ ಹಾಕಿದೆ. ಕೆಂಪು ಗುರುತು ಮಿನುಗುತ್ತಿತ್ತು. ಅಲಗು ಓರೆಯಾಗಿ ಹೋಯಿತು, ನೆಟ್ಟಗಾಯಿತು, ನಾಲಿಗೆಯ ಬುಡ ದಾಟಿತು. ನಾನು ಕಟಬಾಯಿಂದ ಜೊಲ್ಲು ಎಳೆದೆ. ಪರದೆಯಲ್ಲಿ ಬಾತ ಕೆಂಪು ಮಾಂಸ, ಅದರ ನಡುವೆ ಒಂದು ಕಡೆಯ ಬಿಳಿ ಅಂಚು ಮಾತ್ರ.

'ಗಂಟಲು ಒತ್ತಿ. ಹಿಂದಕ್ಕೆ, ಬಲಕ್ಕೆ.'

ಇದು ನಾನು ಎಷ್ಟೋ ಸಲ ಮಾಡಿದ ಕೆಲಸ. ಎಷ್ಟೋ ಕುತ್ತಿಗೆ ಒತ್ತಿದ್ದೇನೆ. ಹೆಬ್ಬೆರಳು, ತೋರುಬೆರಳನ್ನು ಮಗಳ ಗಂಟಲಗಂಟಿನ ಮೇಲೆ ಇಟ್ಟೆ, ನೀಲಿ ಗೆರೆಯ ಸ್ವಲ್ಪ ಮೇಲೆ. ಅವಳ ಉಸಿರು ನನ್ನ ಬೆರಳ ಕೆಳಗೆ ಏರಿ ಇಳಿಯುತ್ತಿತ್ತು. ಒತ್ತಿದೆ. ಅವಳ ಕೈ ಬಂದು ನನ್ನ ಅಂಗಿಯನ್ನು ಹಿಡಿದುಕೊಂಡಿತು, ಬೆರಳನ್ನು ಸರಿಸಲು ಬರಲಿಲ್ಲ.

'ಇನ್ನೂ ಸ್ವಲ್ಪ. ಹಾಂ, ಅಲ್ಲೇ.'

ಪರದೆಯಲ್ಲಿ ಎರಡು ಬಿಳಿ ಅಂಚೂ ಕಂಡವು, ಸಣ್ಣ ಬಾಗಿಲಿನ ಎರಡು ಕದದ ಹಾಗೆ. ಉಸಿರು ಎಳೆದಾಗ ತೆರೆಯುತ್ತಿತ್ತು, ಬಿಟ್ಟಾಗ ಹತ್ತಿರ ಬರುತ್ತಿತ್ತು.

'ಜೋರಾಗಿ ಉಸಿರು ಎಳ್ಕೋ' ಎಂದರು ಮೇಡಂ.

'ಎಳ್ಕೋ ಮಗಳೇ' ಎಂದೆ ನಾನು. ಅಪ್ಪ ಅಲ್ಲ ಎಂದಿದ್ದರು, ಆದರೂ ಬಾಯಿಂದ ಬಂತು.

ಎಳೆದುಕೊಂಡಳು. ಕದ ತೆರೆಯಿತು. ಟ್ಯೂಬಿನ ತುದಿ ನಡುವೆ ನುಗ್ಗಿ ಮರೆಯಾಯಿತು. ಮಗಳು ಇಡೀ ಮೈ ಕುಲುಕುವಂತೆ ಕೆಮ್ಮಿದಳು. ಮೇಡಂ ಟ್ಯೂಬು ಹಿಡಿದುಕೊಂಡರು, ನಾನು ಅದರ ಬಲೂನಿಗೆ ಗಾಳಿ ತುಂಬಿದೆ. ಪರದೆ ಆರಿತು.

ಮಗಳು ನನ್ನ ಮುಖ ನೋಡಿ ತುಟಿ ಅಲ್ಲಾಡಿಸಿದಳು. ಅಪ್ಪಾ ಎಂದಳು. ತುಟಿ ಅಂದಿತು, ದನಿ ಬರಲಿಲ್ಲ.

ಹೊರಗಿನವರಿಗೆ ಅದು ಭಯದ ಸಂಗತಿ. ನನಗೆ ಗೊತ್ತಿತ್ತು. ದನಿ ಬಾರದಿದ್ದರೆ ಟ್ಯೂಬು ಸರಿಯಾದ ದಾರಿಯಲ್ಲಿದೆ ಎಂದು ಅರ್ಥ, ಅನ್ನದ ಕೊಳವೆಗೆ ಹೋಗಿದ್ದರೆ ದನಿ ಬರುತ್ತಿತ್ತು. ನನ್ನ ಮಗಳು ಕರೆದದ್ದು ಕೇಳಿಸಲಿಲ್ಲವೆಂದು ನಾನು ಸಂತೋಷಪಟ್ಟದ್ದು ಅದೊಂದೇ ಸಲ. ಆದರೂ ಮೇಡಂ ಮಷೀನು ಜೋಡಿಸಿ ನೋಡಿದರು. ಉಸಿರು ಬಿಟ್ಟಾಗಲೆಲ್ಲ ಆ ಮಷೀನಿನ ಪರದೆಯ ಮೇಲೆ ಗೆರೆ ಚೌಕದ ದಿಬ್ಬವಾಗಿ ಏಳಬೇಕು. ಒಂದು ಎದ್ದಿತು. ಎರಡು. ಮೂರು. ಸ್ಟೆತಾಸ್ಕೋಪಿಟ್ಟು ಎದೆಯ ಎರಡೂ ಕಡೆ ಕೇಳಿದರು.

'ಈಗ ಕೊಡಿ' ಎಂದರು. ಹಾಲಿನ ಬಣ್ಣದ ಔಷಧಿ ಹೋಯಿತು. ನನ್ನ ಅಂಗಿ ಹಿಡಿದಿದ್ದ ಕೈ ಸಡಿಲವಾಗಿ ಜಾರಿತು.

'ಕುಯ್ಯಿರಿ.'

ಆಮೇಲಿನದು ನಿಮಿಷಗಳ ಕೆಲಸ. ಹೊರಬಂದಾಗ ಕೂಸು ಅಳಲಿಲ್ಲ. ಅಷ್ಟರಲ್ಲಿ ಬಂದು ನಿಂತಿದ್ದ ಮಕ್ಕಳ ಡಾಕ್ಟರು ಅದನ್ನು ದೀಪದ ಕೆಳಗೆ ಇಟ್ಟು ಒರೆಸಿದರು, ಬೆನ್ನುಜ್ಜಿದರು, ಪುಟ್ಟ ಮಾಸ್ಕಿನಿಂದ ಗಾಳಿ ಒತ್ತಿದರು. ನಾನು ತಿರುಗಿ ನೋಡಲಿಲ್ಲ, ಟ್ಯೂಬಿನ ಮೇಲೆ ಕಣ್ಣಿಟ್ಟು ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಹಿಂದಿನಿಂದ ಬೆಕ್ಕಿನ ಮರಿಯಂಥ ಸಣ್ಣ ದನಿ, ಅದರ ಹಿಂದೆಯೇ ಗೋಡೆ ಬಿರಿಯುವಂಥ ಅಳು.

'ಅಜ್ಜಾರೇ, ಮೊಮ್ಮಗಳು!' ಎಂದರು ಹೆರಿಗೆ ಡಾಕ್ಟರು ಹೊಲಿಗೆ ಹಾಕುತ್ತಲೇ. 'ಬಾಯಿ ನೋಡ್ರೀ ಇದರದ್ದು, ನಿಮ್ಮ ಮನೆಯವರನ್ನ ಹೋಲ್ತದೆ.'

ನಗು ಬಂತು. ಆದರೆ ಮೇಡಂ, 'ಬ್ಯಾಗ್ ಮುಚ್ಚಬೇಡಿ ಯಜಮಾನ್ರೇ, ನೀಲಿ ಗಂಟು ಅಲ್ಲೇ ಇರಲಿ' ಎಂದರು. ಟ್ಯೂಬು ಹಾಕುವಾಗ ಇದ್ದಷ್ಟೇ ಭಯ ತೆಗೆಯುವಾಗಲೂ ಇದೆ. ಪೂರ್ತಿ ಎಚ್ಚರವಾಗದೆ ತೆಗೆದು ಗಂಟಲು ಮುಚ್ಚಿಕೊಂಡರೆ ಇನ್ನೊಮ್ಮೆ ಹಾಕಲು ಬಾಯಿ ತೆಗೆಯುವುದಿಲ್ಲ. ಅಷ್ಟರಲ್ಲಿ ಅಳಿಯ ತಂದ ರಕ್ತವೂ ಬಂತು, ಏರಿಸಿದರು. ಮಗಳು ಕಣ್ಣು ಬಿಟ್ಟು, ಮೇಡಂ ಹೇಳಿದಾಗ ತಲೆ ಎತ್ತಿ, ಕೈ ಹಿಸುಕಿ ತೋರಿಸುವವರೆಗೆ ಕಾದೆವು. ಟ್ಯೂಬು ತೆಗೆದ ಮೇಲೂ ನಾನು ಅವಳ ಎದೆಯ ಏರಿಳಿತ ಎಣಿಸುತ್ತಾ ನಿಂತೆ. ಅವಳು ಗೊರ ಗೊರ ದನಿಯಲ್ಲಿ 'ಅಪ್ಪಾ' ಎಂದಾಗ ನೀಲಿ ಗಂಟಿನ ಮೇಲಿಟ್ಟ ಕೈ ತೆಗೆದೆ. ಆಗಲೇ ಹಿಂದಕ್ಕೆ ತಿರುಗಿ ಮೊಮ್ಮಗಳನ್ನು ನೋಡಿದ್ದು.

ಕಾರು ಹತ್ತುವಾಗ ಮೇಡಂ, 'ಇನ್ನುಮೇಲೆ ನಾನು ಚಟ ಅಂತ ಕೇಳಲ್ಲ. ಅಡಿಕೆ ಅಂತಲೇ ಕೇಳ್ತೀನಿ' ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮಗಳ ಕುತ್ತಿಗೆಯ ಮೇಲೆ ಆ ನೀಲಿ ಗೆರೆ ನಾಲ್ಕೈದು ದಿನ ಇತ್ತು. ಇದೇನು ಎಂದು ಹೆಂಡತಿ ಎಣ್ಣೆ ಹಚ್ಚಿ ಉಜ್ಜುತ್ತಿದ್ದಳು. ನಾನು ಹೇಳಿದೆ. ಅಡಿಕೆಯ ಪೊಟ್ಟಣದ ವಿಷಯವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಗೂಡಿನಲ್ಲಿದ್ದ ಪೊಟ್ಟಣಗಳನ್ನೆಲ್ಲ ಬಾಚಿ ಒಲೆಗೆ ಹಾಕಿದಳು.

ಕೂಸು ನೋಡಲು ಬೀಗತಿ ಬಂದ ದಿನ ಅವರ ಕೈಯಲ್ಲಿ ಎಂದಿನಂತೆ ಎಲೆ ಅಡಿಕೆಯ ಚೀಲ. ಮಗಳು, ಆಸ್ಪತ್ರೆಯಿಂದ ಬಂದ ಮೇಲೆ ಕಲಿತ ಹೊಸ ರೂಢಿಯಂತೆ, ದೊಡ್ಡ ದನಿಯಲ್ಲಿ, 'ಅತ್ತೆ, ಅದನ್ನ ಹೊರಗಿಡ್ರಿ' ಎಂದಳು.

ಬೀಗತಿ ಬೆರಗಾಗಿ ನನ್ನನ್ನು ನೋಡಿದರು. 'ಮಾತಾಡಾಕೆ ಕಲ್ತು ಬಿಟ್ಲಲ್ಲ ಮಾರಾಯ್ರೇ! ಇನ್ನು ನನ್ನ ಗತಿ ಏನು?'

'ನೀವೂ ಬಾಯಿ ತೆಗೀರಿ ನೋಡಾನ, ಮೂರು ಬೆರಳು ಹೋಗ್ತಾವೇನು' ಎಂದೆ. ನಗುತ್ತಲೇ ಬೆರಳಿಟ್ಟುಕೊಂಡರು. ಎರಡಕ್ಕೆ ನಿಂತಿತು. ನಗು ನಿಂತಿತು. ಚೀಲವನ್ನು ಅವರೇ ಜಗುಲಿಯ ಮೇಲಿಟ್ಟು ಬಂದರು.

ಬಿಗಿದ ದವಡೆ ಪೂರ್ತಿ ಮೊದಲಿನಂತೆ ಆಗುವುದು ಕಷ್ಟವಂತೆ. ಹಲ್ಲಿನ ಡಾಕ್ಟರು ಕೆನ್ನೆಗೆ ಇಂಜೆಕ್ಷನ್ ಕೊಡುತ್ತಿದ್ದಾರೆ. ಮನೆಯಲ್ಲಿ ಮಾಡಲು ಐಸ್ ಕ್ಯಾಂಡಿಯ ಕಡ್ಡಿಯಂಥ ಚಪ್ಪಟೆ ಕಡ್ಡಿಗಳನ್ನು ಕೊಟ್ಟಿದ್ದಾರೆ. ಅವನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಕಚ್ಚಿ ಕೂರಬೇಕು, ಕೆಲವು ದಿನಕ್ಕೊಮ್ಮೆ ಒಂದು ಕಡ್ಡಿ ಹೆಚ್ಚಿಸಬೇಕು. ಜೋಡಿಸಿ ದಾರ ಸುತ್ತಿ ಕೊಡುವ ಕೆಲಸ ನನ್ನದು. ಹಳದಿ ದಾರ.

ಈಗ ನಾನು ಬರೆಯುತ್ತಿರುವಾಗಲೂ ಅವಳು ಕಡ್ಡಿ ಕಚ್ಚಿಕೊಂಡೇ ತೊಟ್ಟಿಲು ತೂಗುತ್ತಿದ್ದಾಳೆ. ಜೋಗುಳದ ಮಾತು ಬರದೆ ಬರೀ ಮೂಗಿನ ರಾಗ. ಕೂಸು ಅದನ್ನೇ ಕಣ್ಣರಳಿಸಿ ಕೇಳುತ್ತಿತ್ತು, ಈಗ ಮತ್ತೆ ಆಕಳಿಸಿತು. ಅವಳಿಗೆ ನಗು ತಡೆಯಲಾಗದೆ ಕಡ್ಡಿಯ ಕಟ್ಟು ಮಡಿಲಿಗೆ ಬಿತ್ತು.

'ಅಪ್ಪಾ, ನೋಡಿಲ್ಲಿ' ಎಂದು ನನ್ನ ಮುಂದೆ, ಕೈ ಅಡ್ಡ ಇಡದೆ, ಬಾಯಿ ತೆಗೆದು ಬೆರಳಿಟ್ಟುಕೊಂಡಳು. ಎರಡು ಬೆರಳು ಸಲೀಸಾಗಿ ಹೋದವು. ಮೂರನೆಯದರ ಉಗುರು ಹಲ್ಲಿಗೆ ತಾಗಿ ನಿಂತಿತು.